ಮೊದಲ ಲೋಟ ನೀರು

ಪ್ರೀತಿಯ ಸಿಸ್ಟರ್ ಫಿಲೋಮಿನಾ,

ಮೊದಲಿಗೆ, ಸಾರಿ ಸಿಸ್ಟರ್. ತೀರಿಹೋದವರಿಗೆ ಪತ್ರ ಬರೆಯಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ಧರ್ಮದಲ್ಲಿ ಅದು ಪಾಪವಾಗಿದ್ದರೆ ಅದಕ್ಕೂ ಸಾರಿ. ಐದನೇ ಕ್ಲಾಸಿನಿಂದ ನಿಮ್ಮ ಹಾಸ್ಟೆಲಿನಲ್ಲಿ ಬೆಳೆದು ಈಗ ಫಸ್ಟ್ ಇಯರ್ ಪಿಯುಸಿಗೆ ಬಂದಿದ್ದರೂ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳುವುದು ನನಗೆ ಬರುವುದಿಲ್ಲ. ಕೇಳಿದರೂ ನಿನ್ನೆಯವರೆಗೆ ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಉತ್ತರ ಇತ್ತು. ಎಲ್ಲರೂ ಒಂದೇ ಮಾತನ್ನು ಅಷ್ಟು ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದ್ದರೆ ಅನುಮಾನ ಬರುವುದಿಲ್ಲವೇ ಸಿಸ್ಟರ್?

ಭಾನುವಾರದ ಪ್ರೇಯರ್ ಆದಮೇಲೆ ನಾವು ಮನೆಗೆ ಬರೆದ ಪತ್ರಗಳನ್ನು ಅಂಟಿಸದೆ ನಿಮ್ಮ ಟೇಬಲ್ ಮೇಲೆ ಇಡಬೇಕಿತ್ತಲ್ಲ, ನೆನಪಿದೆಯೇ? ನೀವು ಓದಿದ ಮೇಲೆಯೇ ಅವು ಪೋಸ್ಟಿಗೆ ಹೋಗುತ್ತಿದ್ದವು. ಆರನೇ ಕ್ಲಾಸಿನಲ್ಲಿ ನಾನು ಅಪ್ಪನಿಗೆ, ಇಲ್ಲಿಯ ಬೇಳೆಯಲ್ಲಿ ಹುಳ ಇರುತ್ತವೆ, ಬಂದು ಕರೆದುಕೊಂಡು ಹೋಗಿರಿ ಎಂದು ಬರೆದು, ಇಡೀ ದಿನ ನಿಮ್ಮ ಬೈಗುಳಕ್ಕೆ ಕಾದಿದ್ದೆ. ನೀವು ಬೈಯಲಿಲ್ಲ. ರಜೆಗೆ ನಮ್ಮೂರು ನಂದಗಡಕ್ಕೆ ಹೋದಾಗ ಅಪ್ಪ ಆ ಪತ್ರ ತೋರಿಸಿದರು. ಕೆಳಗೆ ಕೆಂಪು ಮಸಿಯಲ್ಲಿ ನಿಮ್ಮ ಅಕ್ಷರ: ‘ಹುಡುಗಿ ಬರೆದದ್ದು ಖರೇ. ಬೇಳೆ ಬದಲಿಸಿದ್ದೇವೆ.’ ನೀವು ಅಂಥವರು. ಹಾಗಿದ್ದ ಮೇಲೆ ನಿಮ್ಮ ಸಾವಿನ ಬಗ್ಗೆ ಇವರು ಹೇಳುತ್ತಿದ್ದುದನ್ನು ನಾನು ಹೇಗೆ...

ಹಂದಿ ಜ್ವರ ಪುಣೆಯಿಂದ ಬೆಳಗಾವಿಗೂ ಬಂತೆಂದು ಶಾಲೆಗೆ ರಜೆ ಕೊಟ್ಟ ದಿನ ನೀವು ಗೇಟಿನಲ್ಲಿ ನಿಂತು ಒಬ್ಬೊಬ್ಬರ ಹಣೆಯ ಮೇಲೆ ಅಂಗೈ ಹಿಂದುಮುಂದಾಗಿ ಇಟ್ಟು ನೋಡಿ ಮನೆಗೆ ಕಳಿಸಿದಿರಿ. ನನ್ನ ತಂಗಿ ದೀಪಾಳಿಗೆ, ‘ಹೋಗ್ ಕೂಸೇ, ಮನ್ಯಾಗ ಸುಮ್ನ ಕುಂದರಬ್ಯಾಡ, ಏಳರ ಮಗ್ಗಿ ಕಲತು ಬಾ’ ಅಂದಿರಿ. ಆಮೇಲೆ ನೀವು ವಿಶ್ರಾಂತಿಗೆಂದು ಖಾನಾಪುರದ ಕಾನ್ವೆಂಟಿಗೆ ಹೋದಿರಂತೆ. ಆಮೇಲೆ ನೀವು ಇಲ್ಲವಂತೆ. ಹಾರ್ಟ್ ಅಂದರು. ಮಣ್ಣಿಗೆ ನಮ್ಮನ್ನು ಯಾರೂ ಕರೆಯಲಿಲ್ಲ. ಅಡುಗೆಯ ರೋಸಿಬಾಯಿ ಹೋಗಿದ್ದಳು. ಪೆಟ್ಟಿಗೆ ಮೊದಲಿನಿಂದಲೂ ಮುಚ್ಚಿಯೇ ಇತ್ತು ಎಂದು ಅವಳ ಬಾಯಿಂದ ಒಮ್ಮೆ ಜಾರಿತು. ಹಾರ್ಟ್ ನಿಂತು ಸತ್ತವರ ಮುಖವನ್ನು ಯಾಕೆ ಮುಚ್ಚುತ್ತಾರೆ? ಅಷ್ಟೊಂದು ಹಣೆ ಮುಟ್ಟಿದ ಕೈಗೆ ಯಾವ ಹಣೆಯಿಂದ ಏನು ಬಂದಿತ್ತೋ?

ಕಳೆದ ವಾರ ಹೆಡ್ಮಿಸ್ಟ್ರೆಸ್ ಮದರ್ ಸೆಲಿನ್ ಹಾಸ್ಟೆಲಿನ ದೊಡ್ಡ ಹುಡುಗಿಯರಾದ ನಮ್ಮನ್ನು ಮೊದಲೇ ಕರೆಸಿಕೊಂಡರು, ಶಾಲೆ ತೆರೆಯುವ ತಯಾರಿಗೆ. ಕೆಂಪು ಸೋಪನ್ನು ದಾರದಿಂದ ಕೊಯ್ದು, ಈರುಳ್ಳಿ ಚೀಲದ ಜಾಳಿಗೆ ಹರಿದು ಅದರಲ್ಲಿ ಕಟ್ಟಿ ನಲ್ಲಿ ನಲ್ಲಿಗೂ ತೂಗುಹಾಕಿದೆವು. ಪ್ರೇಯರ್ ಮೈದಾನದಲ್ಲಿ ಬಕೆಟ್ ಬೋರಲು ಹಾಕಿ ಅದರ ಸುತ್ತ ಸುಣ್ಣದ ವೃತ್ತ ಬರೆದೆವು, ಒಂದು ವೃತ್ತದಲ್ಲಿ ಒಬ್ಬಳೇ ನಿಲ್ಲಲಿ ಎಂದು. ಚಾಪೆಲ್ ಬಾಗಿಲ ಪಕ್ಕದ ಪವಿತ್ರ ನೀರಿನ ಕಲ್ಲುಬಟ್ಟಲನ್ನು ಬರಿದು ಮಾಡಿ ಒರೆಸಿಟ್ಟಿದ್ದಾರೆ. ಆದರೂ ರೋಸಿಬಾಯಿ ಬಂದಾಗಲೊಮ್ಮೆ ಒಣ ಬಟ್ಟಲಿಗೆ ಬೆರಳು ಅದ್ದಿ ಶಿಲುಬೆ ಗುರುತು ಮಾಡಿಕೊಳ್ಳುತ್ತಾಳೆ. ಮುಖಕ್ಕೆ ಕಟ್ಟಿಕೊಂಡ ಕರವಸ್ತ್ರದೊಳಗೆ ನಾನು ನಕ್ಕರೆ, ‘ನಗು ನಗು. ನೀ ಮುಖದ ಮ್ಯಾಲ ಚಡ್ಡಿ ಕಟಗೊಂಡಂಗ ಕಟಗೊಂಡೀಯಲ್ಲ, ಅದಕ್ಕ ನಾ ನಕ್ಕೀನೇನು?’ ಎಂದಳು. ಜ್ವರ ತಾಗದಿರಲೆಂದು ಅವಳ ಸೆರಗಿನ ತುದಿಯಲ್ಲಿ ಕರ್ಪೂರ ಏಲಕ್ಕಿಯ ಗಂಟು. ನನಗೂ ಒಂದು ಕಟ್ಟಿ ಕೊಟ್ಟಿದ್ದಾಳೆ.

ನೀವು ಮಲಗುತ್ತಿದ್ದ ಸಿಕ್ ರೂಮ್ ಗುಡಿಸಲು ಹೋದ ದಿನ ಅಲ್ಲಿ ಹೊಸ ಸುಣ್ಣದ ವಾಸನೆ ಇತ್ತು. ಶಾಲೆಯಲ್ಲಿ ಬೇರಾವ ಗೋಡೆಗೂ ಸುಣ್ಣ ಬಿದ್ದಿಲ್ಲ, ನಿಮ್ಮ ಕೋಣೆಗೆ ಮಾತ್ರ. ನಿಮ್ಮ ಹಾಸಿಗೆ ಕಾಣಲಿಲ್ಲ. ಹಿತ್ತಲಲ್ಲಿ ಸುಟ್ಟ ಹತ್ತಿಯ ಕರಿ ಕುಪ್ಪೆ ಕಂಡಿತು. ರೋಸಿಬಾಯಿಯನ್ನು ಕೇಳಿದೆ. ‘ಹಳೇ ಗಾದಿ ಇತ್ತಲ್ಲ, ತಿಗಣಿ ಆಗಿದ್ದೂ,’ ಅಂದಳು, ನನ್ನ ಮುಖ ನೋಡದೆ. ಶನಿವಾರ ಶನಿವಾರ ಎಲ್ಲ ಗಾದಿಗಳನ್ನೂ ಬಿಸಿಲಿಗೆ ಹಾಕಿಸಿ ಕೋಲಿನಿಂದ ಬಡಿಸುತ್ತಿದ್ದ ನಿಮ್ಮ ಗಾದಿಯಲ್ಲಿ ತಿಗಣೆ! ಇದನ್ನು ನಾನು ನಂಬಬೇಕಿತ್ತೇ?

ಏಳನೇ ಕ್ಲಾಸಿನ ವರ್ಷ ಕಾಮಾಲೆ ಬಂದಾಗ ನಾವ್ಯಾರೂ ಹಾಸ್ಟೆಲಿನ ನೀರು ಮುಟ್ಟಲಿಲ್ಲ. ನೀವು ಊಟದ ಕೋಣೆಯ ನಡುವೆ ನಿಂತು, ನಮ್ಮದೇ ಹಂಡೆಯಿಂದ ಒಂದು ಲೋಟ ತುಂಬಿ, ಎಲ್ಲರ ಮುಂದೆ ಗಟಗಟ ಕುಡಿದು, ಲೋಟ ಬೋರಲು ಹಿಡಿದು ತೋರಿಸಿದಿರಿ. ಆಮೇಲೆ ಅದೇ ಪದ್ಧತಿಯಾಯಿತು. ಪ್ರತಿ ಊಟಕ್ಕೂ ಮೊದಲ ಲೋಟ ಒಬ್ಬ ಸಿಸ್ಟರ್‌ದು. ಈಗ? ಮದರ್ ಮತ್ತು ಇನ್ನಿಬ್ಬರು ಸಿಸ್ಟರ್‌ಗಳು ಊಟದ ಕೋಣೆಗೆ ಕಾಲೇ ಇಡುವುದಿಲ್ಲ. ಅವರ ನೀರು ಬೇರೆ ಕ್ಯಾನಿನಲ್ಲಿ, ಅವರ ತಟ್ಟೆಗಳು ಬೇರೆ. ನಮಗೆ ಸೇಫ್, ಸೇಫ್ ಎನ್ನುತ್ತಲೇ ಅವರು ಮಾತ್ರ ದೂರ. ನಾನು ಏನೆಂದು ತಿಳಿಯಬೇಕಿತ್ತು?

ಅಪ್ಪ ಹಾಸ್ಟೆಲ್ ಆಫೀಸಿನ ಫೋನಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. ಖಾನಾಪುರದ ಬಸ್ ಡಿಪೋದಲ್ಲಿ ಕೆಲಸ ಮಾಡುವವರಿಗೆ ಎಲ್ಲ ಊರಿನ ಸುದ್ದಿಯೂ ಬರುತ್ತದೆ, ಒಂದೂ ಪೂರ್ತಿ ಬರುವುದಿಲ್ಲ. ‘ನೀ ಅಲ್ಲೇ ಅದಿ. ಕಣ್ಣಾರೆ ನೋಡಾಕತ್ತಿ. ನೀ ಹೂಂ ಅಂದ್ರ ದೀಪಾನ್ನ ಕಳಸ್ತೀನಿ, ಬ್ಯಾಡ ಅಂದ್ರ ಇಲ್ಲೇ ಸರಕಾರಿ ಸಾಲಿಗೆ ಹಚ್ಚತೀನಿ,’ ಅಂದರು. ಹತ್ತು ವರ್ಷದ ಹುಡುಗಿಯ ಉಸಿರು ನನ್ನ ಒಂದು ಹೂಂ ಮೇಲೆ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಶಾಲೆ ತೆರೆಯುವ ಮುಂಚಿನ ದಿನದವರೆಗೂ ದೂಡಿದೆ.

ಆ ಮಧ್ಯಾಹ್ನ ಮದರ್ ಕಿಟಕಿಯ ಹೊರಗಿನಿಂದ ಊಟದ ಕೋಣೆಯನ್ನು ಪರೀಕ್ಷೆ ಮಾಡುತ್ತಿದ್ದರು. ನನಗೆ ಎಲ್ಲಿಂದ ಧೈರ್ಯ ಬಂತೋ. ಹಂಡೆಯಿಂದ ಒಂದು ಲೋಟ ತುಂಬಿಕೊಂಡು ಹೊರಗೆ ಹೋಗಿ ಅವರ ಮುಂದೆ ಹಿಡಿದೆ. ‘ಮದರ್, ಮೊದಲ್ನೇ ಲೋಟ ನೀವು ಕುಡೀರಿ,’ ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಸಿಕ್ಕಿಬಿದ್ದರು ಅಂದುಕೊಂಡೆ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಂತೋಷವೇ ಆಯಿತು.

‘ಅದನ್ನು ಕೆಳಗೆ ಇಡು ಮಗು. ನಿಮ್ಮ ಲೋಟವನ್ನು ನಾನು ಮುಟ್ಟಬಾರದು,’ ಎಂದರು ಮದರ್. ಮಂಗಳೂರು ಕಡೆಯ ಅವರ ಕನ್ನಡ ಯಾವಾಗಲೂ ಪುಸ್ತಕ ಓದಿದ ಹಾಗೆ ಇರುತ್ತದೆ, ಅವತ್ತು ಮಾತ್ರ ತಡೆತಡೆದು ಬಂತು. ‘ಖಾನಾಪುರದಲ್ಲಿ ಅವಳನ್ನು ನೋಡಿಕೊಂಡದ್ದು ನಾವು ಮೂವರು. ಕೊನೆಗೆ ಅವಳಿಗೆ ಉಸಿರು ಸಿಗಲಿಲ್ಲ. ಗಂಟಲಿನದ್ದು ಟೆಸ್ಟಿಗೆ ಕಳಿಸಿದ್ದಾರೆ. ರಿಪೋರ್ಟ್ ಬರಲಿಲ್ಲ ಇನ್ನೂ. ಅದೇ ಜ್ವರವೋ ಬೇರೆಯೋ, ನನಗೆ ಗೊತ್ತಿಲ್ಲ. ಡಾಕ್ಟರು ಹೇಳುವವರೆಗೆ ನಾವು ನಿಮ್ಮ ಹತ್ತಿರ ಬರುವುದಿಲ್ಲ.’

‘ಮತ್ತ ಹಾರ್ಟ್ ಅಂದ್ರಿ?’

‘ಹಾರ್ಟ್ ಕೂಡ ನಿಂತಿತಲ್ಲ ಮಗು,’ ಎಂದವರು, ತಮ್ಮ ಮಾತಿಗೆ ತಾವೇ ನಾಚಿದಂತೆ ನೆಲ ನೋಡಿದರು.

ಹಾಗಾದರೆ ನಾನು ದಿನವೂ ಕದ್ದು ನೋಡಿದ ಆ ಬೇರೆ ತಟ್ಟೆ, ಬೇರೆ ಕ್ಯಾನು, ಎಲ್ಲ ನಮ್ಮನ್ನು ಅವರಿಂದ ಕಾಯುವುದಕ್ಕೆ? ಇರಬಹುದು. ಆದರೆ ಮುಚ್ಚಿಟ್ಟದ್ದೂ ಖರೇ ಅಲ್ಲವೇ? ನನಗೆ ಹೇಳಿದ್ದನ್ನು ಎಲ್ಲ ಮಕ್ಕಳ ತಂದೆ ತಾಯಿಗೂ ಹೇಳ್ರಿ ಎಂದೆ. ಅವರು ತಿರುಗಿ ಕಾನ್ವೆಂಟಿನ ಕಡೆ ನಡೆದರು. ಹೇಳುವುದಿಲ್ಲ ಎಂದುಕೊಂಡೆ. ಸಂಜೆ ಅಪ್ಪನಿಗೆ ಫೋನಿನಲ್ಲಿ ಒಂದೂ ಬಿಡದೆ ಹೇಳಿದೆ. ಕೊನೆಗೆ ಅಪ್ಪ ಕೇಳಿದ್ದು ಇಷ್ಟೇ: ‘ನೀ ಅಲ್ಲೇ ಇರ್ತಿ, ಹೌದಿಲ್ಲೊ?’

ಇವತ್ತು ಬೆಳಿಗ್ಗೆ ಗೇಟಿನ ಹೊರಗೆ ಟ್ರಂಕು, ಹಾಸಿಗೆ ಸುರುಳಿ, ಮುಖಕ್ಕೆ ಕರವಸ್ತ್ರ ಕಟ್ಟಿದ ಮಕ್ಕಳು. ಮದರ್ ಗೇಟಿಗೆ ಬರಲಿಲ್ಲ. ದೂರದ ಕಾನ್ವೆಂಟ್ ಮೆಟ್ಟಿಲ ಮೇಲೆ ನಿಂತು, ಸ್ಪೋರ್ಟ್ಸ್ ಡೇ ಮೈಕು ಹಿಡಿದು, ನಿಮ್ಮ ಹೆಸರು ಹೇಳಿ, ನನಗೆ ಹೇಳಿದ್ದನ್ನೇ ಹೇಳಿದರು. ಗೊತ್ತಿಲ್ಲ ಎಂಬ ಮಾತನ್ನು ಎರಡು ಸಲ ಹೇಳಿದರು. ಖಾಸಬಾಗದ ಒಬ್ಬ ತಾಯಿ ಮಗಳ ಕೈ ಹಿಡಿದು ಬಂದ ಆಟೋದಲ್ಲೇ ತಿರುಗಿ ಹೋದಳು. ಅವಳ ಹಿಂದೆ ಮತ್ತೆ ಕೆಲವರು. ‘ಇಷ್ಟ್ ದಿನಾ ಯಾಕ ಬಾಯಿ ಮುಚಗೊಂಡಿದ್ರಿ?’ ಎಂದು ಯಾರೋ ಒದರಿದರು. ಮದರ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಅಪ್ಪ ಮದರ್ ಕಡೆ ನೋಡಲೇ ಇಲ್ಲ. ದೀಪಾಳ ಟ್ರಂಕಿನ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ಹೂಂ ಅಂದೆ.

ಯಾಕೆ ಅಂದೆ? ಪೂರ್ತಿ ನಂಬಿಕೆ ಬಂದು ಅಲ್ಲ. ಆ ಮೈಕಿನಲ್ಲಿ ಒಂದು ಗಳಿಗೆ ನಿಮ್ಮ ಕೆಂಪು ಮಸಿ ಕಂಡ ಹಾಗಾಯಿತು, ಅಷ್ಟೇ. ಅದು ಸಾಕೋ ಸಾಲದೋ...

ಮಧ್ಯಾಹ್ನ ಊಟದ ಕೋಣೆಯಲ್ಲಿ ಬಂದಷ್ಟು ಮಕ್ಕಳು ದೂರ ದೂರ ಕುಳಿತು ಹಂಡೆ ನೋಡುತ್ತಿದ್ದರು. ಯಾರ ಕೈಯೂ ಮುಂದೆ ಬರಲಿಲ್ಲ. ಮೊದಲ ಲೋಟಕ್ಕೆ ಒಬ್ಬ ಸಿಸ್ಟರೂ ಇರಲಿಲ್ಲ. ರೋಸಿಬಾಯಿ ನನ್ನ ಬೆನ್ನಿಗೆ ಮೊಣಕೈ ತಿವಿದಳು. ನಾನು ಎದ್ದು, ಲೋಟ ತುಂಬಿ, ಕುಡಿದು, ಬೋರಲು ಹಿಡಿದು ತೋರಿಸಿದೆ. ಕೈ ನಡುಗಿ ಅರ್ಧ ನೀರು ಕುತ್ತಿಗೆಯ ಮೇಲೆ ಚೆಲ್ಲಿತು. ದೀಪಾ ನಕ್ಕಳು. ಆಮೇಲೆ ಅವಳೂ ಕುಡಿದಳು. ಆ ವರ್ಷ ನಿಮ್ಮ ಕೈಯೂ ನಡುಗಿತ್ತೇ ಸಿಸ್ಟರ್? ನಾವು ನೋಡಿದ್ದು ಲೋಟವನ್ನು ಮಾತ್ರ.

ನಿಮಗೆ ಗೊತ್ತಿಲ್ಲದ ಸುದ್ದಿ ಇದು: ಏಳರ ಮಗ್ಗಿ ದೀಪಾಳಿಗೆ ಬಂದಿದೆ. ಈಗ ನನ್ನ ಪಕ್ಕದ ಮಂಚದಲ್ಲಿ ಕುಳಿತು ನಿಮಗೆ ಒಪ್ಪಿಸುವ ಹಾಗೆಯೇ ಗಟ್ಟಿಯಾಗಿ ಹೇಳುತ್ತಿದ್ದಾಳೆ. ನಡುವೆ ಒಮ್ಮೆ ಸೀನಿದಳು. ಒಂದೇ ಸಲ. ಸುಣ್ಣದ ಧೂಳಿಗೆ ಇರಬಹುದು.

ಈ ಪತ್ರ ಅಂಟಿಸಿಲ್ಲ, ಮದರ್ ಬೇಕಾದರೆ ಓದಲಿ. ರಿಪೋರ್ಟ್ ಇನ್ನೂ ಬಂದಿಲ್ಲ. ನಿಮಗೆ ಬಂದದ್ದು ಯಾವ ಜ್ವರ ಎಂದು ನಿಮಗಾದರೂ ಗೊತ್ತಿರಬೇಕು. ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ
ಸುರೇಖಾ