ಬಾಗಿಲಲ್ಲಿ ನಿಲ್ಲುವವಳ ಕೈಗವಸು

ಅಮ್ಮಾ,

ತಮ್ಮ ಲೂಷಿಯಸ್‌ಗೆ ಸೂಟು ತೊಡಿಸಲು ಶವಾಗಾರಕ್ಕೆ ಹೋಗುತ್ತಿದ್ದೇನೆ. ನಿನ್ನನ್ನು ಎಬ್ಬಿಸಲಿಲ್ಲ. ಇದನ್ನೆಲ್ಲ ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ.

ಫ್ರಿಜ್ಜಿನಲ್ಲಿ ಮ್ಯಾಕರೋನಿ ಇದೆ, ಬಿಸಿ ಮಾಡಿಕೊಂಡು ತಿನ್ನು. ನೀಲಿ ಪಾತ್ರೆ ಹ್ಯಾಟಿ ಆಂಟಿಯದು, ತೊಳೆದಿಡು. ಲೂಷಿಯಸ್ ಜೊತೆಗೇ ಸತ್ತ ಗಂಡನನ್ನು ಮಣ್ಣು ಮಾಡಿದ ಮರುದಿನವೇ ನಮಗೋಸ್ಕರ ಬೇಯಿಸಿ ತಂದಿದ್ದಾರೆ.

ಟಿವಿಯವರು ಬಂದರೆ ಬಾಗಿಲು ತೆರೆಯಬೇಡ. ಬಾಗಿಲು ತೆರೆಯುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ ಎಂದು ಊರಿಗೇ ಗೊತ್ತಾಗಿದೆ. ಮೊನ್ನೆ ಕೋರ್ಟಿನಲ್ಲಿ, ಲೂಷಿಯಸ್‌ನನ್ನು ಕೊಂದವನಿಗೆ "ನಿನ್ನ ಕ್ಷಮಿಸಿದೀನಪ್ಪಾ" ಅಂದೆಯಲ್ಲ, ಅಷ್ಟು ಸಾಕು. ಅವನು ತಲೆ ಕೂಡ ಎತ್ತಲಿಲ್ಲ.

ಆ ಭಾನುವಾರವೂ ಚರ್ಚಿನ ಬಾಗಿಲಲ್ಲಿ ಆ ಬಿಳಿಯನಿಗೆ ನೀನೇ ಹೇಳಿದ್ದು: "ಬಾ ಮಗಾ, ಎಷ್ಟು ಬೆವತಿದೀಯ! ಬೀಸಣಿಗೆ ತಗೋ, ನಮ್ಮ ಲೂಷಿಯಸ್ ಪಕ್ಕ ಕೂತ್ಕೋ." ಕರಿಯರನ್ನು ಕೊಲ್ಲಲೆಂದೇ ಬಂದವನಿಗೆ ಬೀಸಣಿಗೆ! ತಮ್ಮ ತನ್ನ ಹಾಡಿನ ಪುಸ್ತಕವನ್ನು ಅವನತ್ತ ಸರಿಸಿ ಪುಟ ತೋರಿಸುತ್ತಿದ್ದ. ಬಂದೂಕು ಅಡಗಿಸಿದ್ದ ಆ ದಪ್ಪ ಕೋಟು ಅಂಥ ಬಿಸಿಲಲ್ಲಿ ಯಾಕೆ ಎಂದು ಹಿಂದಿನ ಸಾಲಿನಲ್ಲಿದ್ದ ನಾನೂ ಕೇಳಲಿಲ್ಲ. ಅಪರಿಚಿತರ ಮುಂದೆ ನನಗೆ ಬಾಯಿ ಬರುವುದಿಲ್ಲ. ನಿನಗೆ ಬರುತ್ತಿತ್ತು.

ಇವತ್ತು ಮೂರು ಗಂಟೆಗೆ ಲೂಷಿಯಸ್‌ನ ಶವಸಂಸ್ಕಾರ. ಬಂದವರನ್ನು ಕರೆದು ಕೂರಿಸಲು ಬಾಗಿಲಲ್ಲಿ ನಿಲ್ಲುವ ಸರದಿ ಬೇರೆಯವರಿಗೆ ಕೊಡುತ್ತೇನೆಂದು ಪಾಸ್ಟರ್ ಅಂದರೆ, ನೀನು "ನಾನೇ ನಿಲ್ತೀನಿ" ಅಂದೆಯಂತೆ. ನಿಲ್ಲು. ನಿನ್ನ ಬಿಳಿ ಕೈಗವಸುಗಳನ್ನು ಒಗೆದು ಇಸ್ತ್ರಿ ಮಾಡಿ ಕುರ್ಚಿಯ ಮೇಲಿಟ್ಟಿದ್ದೇನೆ. ಹೆಬ್ಬೆರಳಿನ ಮೇಲಿನ ತಮ್ಮನ ರಕ್ತದ ಕಲೆ ಹೋಗಲಿಲ್ಲ. ಅವನ್ನೇ ಹಾಕಿಕೋ.

ಗುರುತಿಲ್ಲದವರು ಬಂದರೆ ಒಳಗೆ ಕರೆಯದೆ ಇರುವವಳಲ್ಲ ನೀನು. ಈ ಸಲ ನನ್ನ ಪಕ್ಕದಲ್ಲಿ ಕೂರಿಸು. ನಿನಗೆ ಉಳಿದಿರುವುದು ನಾನೊಬ್ಬಳೇ.

ವರ್ನೆಲ್