ನಮ್ಮದಲ್ಲದ ಕಾಡು

ಅಪ್ಪಾ,

ಈ ಕಾಗದವನ್ನು ದೋಣಿಯಕ್ಕನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕು.

ಸೋಮವಾರ ನೀನು ಗಡಿಹೊಳೆ ದಾಟಿ ಇಲ್ಲಿಯ ಕಚೇರಿಗೆ ಬರಲೇಬೇಕು. ಎರಡೂ ದೇಶದ ಅಧಿಕಾರಿಗಳು ಕೂತಿರುತ್ತಾರೆ. ಹೊಳೆಯ ಎರಡೂ ದಡದ ಕಾಡನ್ನು ಆನೆಗಳ ದಾರಿಗೆಂದು ಉಳಿಸಬೇಕೋ, ಮರ ಕಡಿಯುವ ಕಂಪನಿಗೆ ಕೊಡಬೇಕೋ ಎಂದು ಅವತ್ತೇ ತೀರ್ಮಾನ. ಕಂಪನಿಯ ಯಂತ್ರಗಳು ಆಗಲೇ ನಿಮ್ಮ ದಡದ ಜೇನುಬಂಡೆಯವರೆಗೆ ಬಂದಿವೆಯಂತೆ.

ಹೋದ ಸಲ 'ಈ ಕಾಡು ಯಾರದು?' ಎಂದು ಅವರು ಕೇಳಿದಾಗ ನೀನು 'ನಮ್ಮದಲ್ಲ' ಅಂದುಬಿಟ್ಟೆ. ಆನೆ ನಡೆಯುವ ನೆಲವನ್ನು ನಮ್ಮವರು ತಮ್ಮದು ಅನ್ನಬಾರದು, ಗೊತ್ತು. ಚಿಕ್ಕಂದಿನಲ್ಲಿ ಕಿವಿ ಹಿಂಡಿ ಅದನ್ನು ಕಲಿಸಿದವನೇ ನೀನು. ಅವರು ಮಾತ್ರ 'ಕಾಡಿಗೆ ವಾರಸುದಾರರಿಲ್ಲ' ಎಂದು ಬರೆದುಕೊಂಡರು. ಅನುವಾದಕ್ಕೆ ಕೂತವಳು ನಾನೇ. ಒಂದಕ್ಷರ ತಪ್ಪಿರಲಿಲ್ಲ.

ಈ ಸಲವೂ ಅದನ್ನೇ ಕೇಳುತ್ತಾರೆ. ದಮ್ಮಯ್ಯ, 'ನಮ್ಮದು' ಅನ್ನು. ಆ ಮಾತು ನಿನ್ನ ಬಾಯಿಂದ ಹೊರಡದಿದ್ದರೆ ಹಿಂದಿನಂತೆಯೇ ಹೇಳು. ನಾನು ಅವರಿಗೆ 'ನಮ್ಮದು' ಎಂದೇ ಹೇಳುತ್ತೇನೆ. ಪ್ರಮಾಣ ಮಾಡಿಸಿಯೇ ನನ್ನನ್ನು ಕೂರಿಸುತ್ತಾರೆ. ಸಿಕ್ಕಿಬಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲು.

ಚಿಕ್ಕಪ್ಪನನ್ನು ಮನೆಯಲ್ಲೇ ಬಿಟ್ಟು ಬಾ. ಅವನಿಗೆ ನಮ್ಮ ಮಾತೂ ಅಧಿಕಾರಿಗಳ ಭಾಷೆಯೂ ಬರುತ್ತದೆ, ಗುಟ್ಟು ಬಾಯಲ್ಲಿ ನಿಲ್ಲುವುದಿಲ್ಲ. ಅಲ್ಲೇ ಕಿಸಕ್ಕನೆ ನಕ್ಕುಬಿಡುತ್ತಾನೆ.

ಇನ್ನೊಂದು ಮಾತು. ನಾನು ಬಾಯಿ ತೆರೆದಾಗ ನನ್ನ ಮುಖ ನೋಡಬೇಡಪ್ಪಾ.

ನಿನ್ನ ಮಗಳು,
ಬಾಯಿಬಡುಕಿ