ಬಿಲ್ಲೆಯ ಸುತ್ತ ತಿಳಿಯಾದ ಜಾಗ

ಪ್ರೀತಿಯ ಅಮ್ಮಾ,

ಕಾಲು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ ದಿನವೇ ನಿನ್ನ ಗಾಯದ ಕ್ರಿಮಿಗಳನ್ನು ನಮ್ಮ ಪ್ರಯೋಗಾಲಯಕ್ಕೆ ತಂದು, ಗಾಜಿನ ತಟ್ಟೆಯಲ್ಲಿ ಬೆಳೆಸಿದೆ. ಹೊಸ ಮದ್ದುಗಳಲ್ಲಿ ನೆನೆಸಿದ ಪುಟ್ಟ ಕಾಗದದ ಬಿಲ್ಲೆಗಳನ್ನೆಲ್ಲ ಅವುಗಳ ಮೇಲೆ ಇಟ್ಟು ನೋಡಿದೆ. ಕ್ರಿಮಿಗಳು ಕ್ಯಾರೇ ಅನ್ನದೆ ಬಿಲ್ಲೆಯ ಅಂಚಿನವರೆಗೂ ಹಬ್ಬಿದವು. ಹೆದರಿಕೆಯಲ್ಲೂ ಬೆರಗಾದೆ. ಕಣ್ಣಿಗೆ ಕಾಣದ ಜೀವಕ್ಕೆ ಎಂಥ ಛಲ!

ಕೊನೆಗೆ, ಎಲ್ಲರೂ ಮರೆತಿದ್ದ ಹಳೆಯ ಮದ್ದೊಂದರ ಬಿಲ್ಲೆ ಇಟ್ಟೆ. ಇವತ್ತು ಬೆಳಿಗ್ಗೆ ಅದರ ಸುತ್ತ ಕ್ರಿಮಿಗಳೆಲ್ಲ ಸತ್ತು ದುಂಡಗೆ, ತೊಳೆದಿಟ್ಟಂತೆ ತಿಳಿಯಾಗಿತ್ತು.

"ಯಾರೂ ಬಳಸದೆ ಬಿಟ್ಟಿದ್ದಕ್ಕೇ ಕ್ರಿಮಿಗಳು ಅದಕ್ಕೆ ಪಳಗಿಲ್ಲ, ಅದಕ್ಕಿನ್ನೂ ಕಸುವಿದೆ ನೋಡು," ಅಂದರು ನಮ್ಮ ಮೇಡಂ. ನಾನು ಆಗಲೇ ನಿನ್ನ ಡಾಕ್ಟರಿಗೆ ಫೋನ್ ಮಾಡಿದೆ.

ಕಾಲು ಉಳಿಯುತ್ತದಂತೆ. ಈ ಮದ್ದಿನ ಸೂಜಿ ನೋಯುತ್ತದೆ, ಆದರೂ ಅರ್ಧಕ್ಕೇ ಬೇಡ ಅನ್ನಬೇಡ; ಅರೆಬರೆ ಮದ್ದಿಗೇ ಕ್ರಿಮಿಗಳು ಪಳಗುವುದು. ನಿನ್ನ ಹಳೆಯ ಮಾತ್ರೆಗಳನ್ನು ಪಕ್ಕದ ಹಾಸಿಗೆಯವರಿಗೆ ಹಂಚಲೂಬೇಡ, ದಮ್ಮಯ್ಯ.

ಭಾನುವಾರ ಬರುವಾಗ ನಿನ್ನ ಚಪ್ಪಲಿ ತರುತ್ತೇನೆ. ಎರಡೂ.

ನಿನ್ನ ಮಗಳು